ಓದುಗರ ಪ್ರಶ್ನೆ: ತೈವಾನಿನವರು ಅಮೆರಿಕದ ಯಾವ ಪಕ್ಷದ ಕಡೆ?

ಅಮೆರಿಕದ ರಾಜಕೀಯ ತೈವಾನಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಕೇಳಿ ಈ ಸಲ ಒಂದಷ್ಟು ಪತ್ರ ಬಂದಿವೆ. ಐದನ್ನು ತೆಗೆದುಕೊಂಡಿದ್ದೇನೆ.

ದೇವನಹಳ್ಳಿಯಿಂದ: ನಾನು ಇಲ್ಲಿ ತೈವಾನ್ ಮೂಲದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಂದ ಬಂದಿರುವ ಎಂಜಿನಿಯರ್ ಒಬ್ಬರು 2020ರಲ್ಲಿ ಟ್ರಂಪ್ ಗೆಲ್ಲಲಿ ಅಂತ ಬಯಸಿದ್ದರಂತೆ. ಅದೇ ಮನುಷ್ಯ ತಮ್ಮ ದೇಶದಲ್ಲಿ ಸಲಿಂಗ ಮದುವೆಗೆ ಕಾನೂನು ಬಂದಿದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಇದು ಹೇಗೆ ಹೊಂದುತ್ತದೆ ಸರ್?

ಅವರೊಬ್ಬರೇ ಅಲ್ಲ. 2020ರ ಚುನಾವಣೆಗೆ ಮುಂಚೆ ಯೂಗವ್ ಸಂಸ್ಥೆ ಏಷ್ಯಾ-ಪೆಸಿಫಿಕ್ ದೇಶಗಳಲ್ಲಿ ಜನರ ಅಭಿಪ್ರಾಯ ಕೇಳಿತ್ತು. ಕೇಳಿದ ಕಡೆಗಳಲ್ಲೆಲ್ಲ ಡೆಮಾಕ್ರಟ್ ಬೈಡನ್ ಮುಂದೆ, ತೈವಾನಿನಲ್ಲಿ ಮಾತ್ರ ರಿಪಬ್ಲಿಕನ್ ಟ್ರಂಪ್ ಮುಂದೆ.

ಗರ್ಭಪಾತ, ಬಂದೂಕು, ಆರೋಗ್ಯ ವಿಮೆ ಅಂತ ಅಮೆರಿಕದವರು ಕಿತ್ತಾಡುವ ವಿಷಯಗಳು ತೈವಾನ್ ರಾಜಧಾನಿ ತೈಪೆಯಲ್ಲಿ ಕೂತವರಿಗೆ ಯಾಕೆ ಬೇಕು ಹೇಳಿ. ಅವರಿಗೆ ಬೇಕಾಗಿದ್ದು ಒಂದೇ: ತೈವಾನ್ ತನ್ನದೇ ಭಾಗ ಅನ್ನುವ ಬೀಜಿಂಗ್ ಎದುರು ಯಾರು ಗಟ್ಟಿಯಾಗಿ ನಿಲ್ಲುತ್ತಾರೆ? 2016ರ ಡಿಸೆಂಬರಿನಲ್ಲಿ, ಇನ್ನೂ ಅಧಿಕಾರಕ್ಕೆ ಬರುವ ಮೊದಲೇ, ಟ್ರಂಪ್ ತೈವಾನಿನ ಆಗಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಜೊತೆ ಫೋನಿನಲ್ಲಿ ಮಾತಾಡಿದರು. 1979ರಿಂದ ಈಚೆಗೆ ಯಾವ ಅಮೆರಿಕ ಅಧ್ಯಕ್ಷನೂ ಬಹಿರಂಗವಾಗಿ ಮಾಡದಿದ್ದ ಕೆಲಸ ಅದು. ಆಮೇಲೆ ಚೀನಾ ಜೊತೆ ಸುಂಕದ ಜಗಳ, 2019ರಲ್ಲಿ 66 ಎಫ್-16 ವಿಮಾನ ಮಾರಲು ಒಪ್ಪಿಗೆ, 2020ರ ಆಗಸ್ಟಿನಲ್ಲಿ ಆರೋಗ್ಯ ಸಚಿವ ಅಲೆಕ್ಸ್ ಅಜಾರ್ ತೈಪೆಗೆ ಬಂದಿದ್ದು. ನಡುವೆ ಹಾಂಗ್‌ಕಾಂಗಿನ ಬೀದಿಗಳಲ್ಲಿ ಪ್ರತಿಭಟನೆ ಮಾಡಿದವರನ್ನು ಹತ್ತಿಕ್ಕಿದ್ದನ್ನು ತೈವಾನಿನವರು ಟಿವಿಯಲ್ಲಿ ನೋಡುತ್ತಲೇ ಇದ್ದರು, ನಾಳೆ ನಮಗೂ ಇದೇ ಗತಿಯಾ ಅಂತ.

ಇನ್ನು ಬೈಡನ್. ಇವರು ಒಬಾಮಾ ಕಾಲದ ಮನುಷ್ಯ, ಚೀನಾ ಜೊತೆ ಮತ್ತೆ ರಾಜಿಯಾಗುತ್ತಾರೆ ಅನ್ನುವ ಅನುಮಾನ ಇತ್ತು. ಆ ಅನುಮಾನಕ್ಕೆ ಹಳೆಯ ಕಾರಣವೂ ಇದೆ. ತೈವಾನ್ ರಕ್ಷಣೆಗೆ ಏನು ಬೇಕಾದರೂ ಮಾಡುತ್ತೇವೆ ಅಂತ 2001ರಲ್ಲಿ ಜಾರ್ಜ್ ಬುಷ್ ಹೇಳಿದಾಗ, ಹಾಗೆಲ್ಲ ಮಾತು ಕೊಡಬಾರದು ಅಂತ ಪತ್ರಿಕೆಯಲ್ಲಿ ಬರೆದವರು ಸೆನೆಟರ್ ಬೈಡನ್! ಅಧ್ಯಕ್ಷರಾದ ಮೇಲೆ ಅವರೇ ಒಂದಲ್ಲ ನಾಲ್ಕು ಸಲ, ಚೀನಾ ದಾಳಿ ಮಾಡಿದರೆ ತೈವಾನ್ ಪರ ನಿಲ್ಲುತ್ತೇವೆ ಅಂದರು. ಪ್ರತಿ ಸಲವೂ ಶ್ವೇತಭವನದ ಅಧಿಕಾರಿಗಳು ಹಿಂದೆಯೇ ಓಡಿಬಂದು, ನಮ್ಮ ನೀತಿಯೇನೂ ಬದಲಾಗಿಲ್ಲ ಅಂತ ಹೇಳಬೇಕಾಯಿತು.

ಶಿವಮೊಗ್ಗದಿಂದ: ಅಲ್ಲಿ ಆಳುತ್ತಿರುವ ಡಿಪಿಪಿ (ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಾರ್ಟಿ) ಹೆಸರಿನಲ್ಲೇ ಡೆಮಾಕ್ರಟಿಕ್ ಇದೆ. ಹಾಗಾದರೆ ಅದು ಡೆಮಾಕ್ರಟ್‌ಗಳ ಗೆಳೆಯ, ವಿರೋಧ ಪಕ್ಷವಾದ ಕುವೊಮಿಂಟಾಂಗ್ ರಿಪಬ್ಲಿಕನ್‌ರ ಗೆಳೆಯ ಅಂದುಕೊಳ್ಳಬಹುದೇ?

ಐವತ್ತು ವರ್ಷದ ಹಿಂದೆ ಕೇಳಿದ್ದರೆ ಎರಡನೆಯ ಅರ್ಧಕ್ಕೆ ಹೌದು ಅನ್ನುತ್ತಿದ್ದೆ. ಆಗ ಕುವೊಮಿಂಟಾಂಗ್ ಅಂದರೆ ಕಟ್ಟಾ ಕಮ್ಯುನಿಸ್ಟ್ ವಿರೋಧಿ, ರಿಪಬ್ಲಿಕನ್ ಬಲಪಂಥೀಯರಿಗೆ ಬಲು ಅಚ್ಚುಮೆಚ್ಚು. ತೈವಾನ್ ಜೊತೆಗಿನ ರಕ್ಷಣಾ ಒಪ್ಪಂದವನ್ನು ಜಿಮ್ಮಿ ಕಾರ್ಟರ್ ರದ್ದು ಮಾಡಿದಾಗ ರಿಪಬ್ಲಿಕನ್ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸುಪ್ರೀಂ ಕೋರ್ಟಿನವರೆಗೂ ಹೋದರು. ಕೇಸು ನಿಲ್ಲಲಿಲ್ಲ, ಅದು ಬೇರೆ ಮಾತು.

ಈಗ ಎಲ್ಲ ತಿರುಗುಮುರುಗು. 2005ರಲ್ಲಿ ಕುವೊಮಿಂಟಾಂಗ್ ಅಧ್ಯಕ್ಷ ಲಿಯೆನ್ ಚಾನ್ ಬೀಜಿಂಗಿಗೆ ಹೋಗಿ ಚೀನಾದ ಆಗಿನ ಅಧ್ಯಕ್ಷ ಹು ಜಿಂಟಾವೊ ಕೈ ಕುಲುಕಿದರು. 2015ರಲ್ಲಿ ಅದೇ ಪಕ್ಷದ ತೈವಾನ್ ಅಧ್ಯಕ್ಷ ಮಾ ಯಿಂಗ್-ಜಿಯು ಸಿಂಗಪುರದಲ್ಲಿ ಷಿ ಜಿನ್‌ಪಿಂಗ್ ಅವರನ್ನು ಕಂಡರು. ಚೀನಾ ವಿರೋಧವೇ ಮುಖ್ಯ ಅನ್ನುವ ರಿಪಬ್ಲಿಕನ್‌ರಿಗೆ ಈಗ ಡಿಪಿಪಿಯೇ ಹತ್ತಿರ. ಈ ಡಿಪಿಪಿಯೋ, ಸಲಿಂಗ ಮದುವೆಗೆ ಕಾನೂನು ತಂದ, ಅಣು ವಿದ್ಯುತ್ ಬೇಡ ಅಂತ ಹಟ ಹಿಡಿದು ಕೊನೆಯ ರಿಯಾಕ್ಟರನ್ನೂ 2025ರ ಮೇನಲ್ಲಿ ನಿಲ್ಲಿಸಿದ ಪಕ್ಷ. ಅಮೆರಿಕದಲ್ಲಿದ್ದಿದ್ದರೆ ಇದೇ ರಿಪಬ್ಲಿಕನ್‌ರು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಮೆರಿಕವನ್ನು ನಂಬಿ ಕೆಡಬೇಡಿ ಅನ್ನುವ ಮಾತು ಈಗ ಜಾಸ್ತಿ ಕೇಳುವುದು ಕುವೊಮಿಂಟಾಂಗ್ ಕಡೆಯವರಿಂದ.

ಕ್ಯಾಲಿಫೋರ್ನಿಯಾದ ಕುಪರ್ಟಿನೊದಿಂದ: ನಮ್ಮ ಪಕ್ಕದ ಮನೆಯವರು ತೈವಾನಿನವರು. ಮಗ ಟ್ರಂಪ್ ಪರ ಮಾತಾಡಿದರೆ ಎಂಬತ್ತು ದಾಟಿದ ಅಪ್ಪನಿಗೆ ಸಿಟ್ಟು ಬರುತ್ತದೆ. ಅಜ್ಜ ಡೆಮಾಕ್ರಟ್‌ಗಳನ್ನು ಅಷ್ಟೊಂದು ಹಚ್ಚಿಕೊಂಡಿರುವುದು ಯಾಕೆ?

ಎಲ್ಲ ಪತ್ರಗಳಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದು. ತೈವಾನಿನಲ್ಲಿ 1949ರಿಂದ 1987ರವರೆಗೆ ಕುವೊಮಿಂಟಾಂಗ್ ಸರ್ಕಾರದ ಮಿಲಿಟರಿ ಕಾನೂನು ಇತ್ತು. ಅಮೆರಿಕದಲ್ಲಿ ಓದುತ್ತಿದ್ದ ತೈವಾನಿ ಹುಡುಗರ ಮೇಲೂ ಸರ್ಕಾರ ಗೂಢಚಾರರನ್ನು ಬಿಟ್ಟಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚೆನ್ ವೆನ್-ಚೆನ್ ಅನ್ನುವ ಮೇಷ್ಟ್ರು 1981ರಲ್ಲಿ ರಜೆಗೆ ಊರಿಗೆ ಹೋದರು. ಮಿಲಿಟರಿಯ ಗುಪ್ತ ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋದರು. ಮಾರನೇ ದಿನ ತೈಪೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಣವಾಗಿ ಸಿಕ್ಕರು. 1984ರಲ್ಲಿ ಹೆನ್ರಿ ಲಿಯು ಅನ್ನುವ ಲೇಖಕರನ್ನು ತೈವಾನಿನ ಮಿಲಿಟರಿ ಗುಪ್ತಚರ ವಿಭಾಗ ರೌಡಿಗಳನ್ನು ಕಳಿಸಿ ಕೊಲ್ಲಿಸಿತು. ಎಲ್ಲಿ ಅಂತೀರಿ? ಡೇಲಿ ಸಿಟಿಯಲ್ಲಿ, ನಿಮ್ಮೂರಿನಿಂದ ಏನೂ ದೂರವಿಲ್ಲ.

ಆಗ ಇದನ್ನು ಅಮೆರಿಕದ ಸಂಸತ್ತಿನಲ್ಲಿ ಎತ್ತಿದವರಲ್ಲಿ ಮುಂದಿದ್ದವರು ಡೆಮಾಕ್ರಟ್ ಸ್ಟೀಫನ್ ಸೋಲಾರ್ಜ್. ಅವರ ಜೊತೆ ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ, ಕ್ಲೇಬೋರ್ನ್ ಪೆಲ್. ಮಿಲಿಟರಿ ಕಾನೂನು ತೆಗೆಯಿರಿ ಅಂತ ಬೆನ್ನು ಬಿಡದೆ ಒತ್ತಾಯಿಸಿದ ಈ ಗುಂಪಿನಲ್ಲಿ ಜಿಮ್ ಲೀಚ್ ಅನ್ನುವ ರಿಪಬ್ಲಿಕನ್ ಕೂಡ ಇದ್ದರು, ಅದನ್ನೂ ಹೇಳಬೇಕು. ಆ ತಲೆಮಾರಿನವರಿಗೆ ವೈರಿ ಬೀಜಿಂಗ್ ಮಾತ್ರ ಅಲ್ಲ, ಮೊದಲು ಹೆದರಿಸಿದ್ದು ತೈಪೆಯ ಸರ್ಕಾರವೇ. ಮಗನಿಗೆ ಆ ಭಯ ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ಚೀನಾದ ಕ್ಷಿಪಣಿ. ಅಜ್ಜನ ಹತ್ತಿರ ಕೂತು ಒಮ್ಮೆ ಕೇಳಿ, ಅವರಿಗೆ ಹೇಳುವುದು ಬೇಕಾದಷ್ಟು ಇರಬಹುದು.

ಮೈಸೂರಿನಿಂದ: ಸುಮ್ನೆ ಸುತ್ತಿ ಬಳಸಿ ಹೇಳಬೇಡಿ. ತೈವಾನಿಗೆ ಜಾಸ್ತಿ ಕೈ ಕೊಟ್ಟ ಪಕ್ಷ ಯಾವುದು?

ಎರಡೂ! 1960ರ ಚುನಾವಣಾ ಚರ್ಚೆಯಲ್ಲಿ ಕಿನ್‌ಮೆನ್, ಮಾತ್ಸು ಅನ್ನುವ ಪುಟ್ಟ ದ್ವೀಪಗಳನ್ನೂ ಕಮ್ಯುನಿಸ್ಟರಿಗೆ ಬಿಡಬಾರದು ಅಂತ ಡೆಮಾಕ್ರಟ್ ಜಾನ್ ಕೆನಡಿ ಎದುರು ವಾದಿಸಿದವರು ರಿಪಬ್ಲಿಕನ್ ರಿಚರ್ಡ್ ನಿಕ್ಸನ್. ಅದೇ ನಿಕ್ಸನ್ 1971ರಲ್ಲಿ ತಮ್ಮ ಸಲಹೆಗಾರ ಕಿಸಿಂಜರ್ ಅವರನ್ನು ಗುಟ್ಟಾಗಿ ಬೀಜಿಂಗಿಗೆ ಕಳಿಸಿದರು, ಮಾರನೇ ವರ್ಷ ತಾವೇ ಹೋದರು. ಈ ನಡುವೆ ವಿಶ್ವಸಂಸ್ಥೆಯಲ್ಲಿದ್ದ ಸೀಟೂ ತೈಪೆಯ ಕೈ ತಪ್ಪಿತು. 1978ರ ಡಿಸೆಂಬರಿನಲ್ಲಿ ಡೆಮಾಕ್ರಟ್ ಕಾರ್ಟರ್ ಸಂಬಂಧವನ್ನೇ ಕಡಿದರು. ಅಮೆರಿಕದ ರಾಯಭಾರಿ ನಡುರಾತ್ರಿ ಕಳೆದ ಮೇಲೆ ಅಧ್ಯಕ್ಷ ಚಿಯಾಂಗ್ ಚಿಂಗ್-ಕುವೊ ಅವರನ್ನು ಎಬ್ಬಿಸಿ ಸುದ್ದಿ ಮುಟ್ಟಿಸಿದ್ದರು, ಬೆಳಗಾಗುವಷ್ಟರಲ್ಲಿ ಜಗತ್ತಿಗೇ ಗೊತ್ತಾಯಿತು. ಮಾತುಕತೆಗೆ ಬಂದ ಅಮೆರಿಕದ ಅಧಿಕಾರಿ ವಾರೆನ್ ಕ್ರಿಸ್ಟೋಫರ್ ಕಾರಿನ ಮೇಲೆ ತೈಪೆಯ ಜನ ಮೊಟ್ಟೆ ಎಸೆದರು. ರೇಗನ್ ತೈವಾನಿನ ದೊಡ್ಡ ಗೆಳೆಯ ಅಂತಾರೆ, ಆದರೆ ಆಯುಧ ಮಾರಾಟ ಕ್ರಮೇಣ ಕಮ್ಮಿ ಮಾಡುತ್ತೇವೆ ಅಂತ 1982ರಲ್ಲಿ ಚೀನಾಕ್ಕೆ ಬರೆದುಕೊಟ್ಟಿದ್ದು ಅವರ ಸರ್ಕಾರವೇ. ಏನು ಬೇಕಾದರೂ ಮಾಡುತ್ತೇನೆ ಅಂದಿದ್ದ ಬುಷ್ 2003ರಲ್ಲಿ ಚೀನಾದ ಪ್ರಧಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೈವಾನ್ ಅಧ್ಯಕ್ಷ ಚೆನ್ ಶುಯಿ-ಬಿಯಾನ್ ಅವರಿಗೆ ಬುದ್ಧಿ ಹೇಳಿದರು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಕೈ ಕೊಟ್ಟಿದ್ದೆಲ್ಲ ಶ್ವೇತಭವನ. ಕೈ ಹಿಡಿದಿದ್ದು ಹೆಚ್ಚಾಗಿ ಸಂಸತ್ತು, ಅದೂ ಎರಡು ಪಕ್ಷದವರೂ ಸೇರಿ. ಕಾರ್ಟರ್ ಕಳಿಸಿದ ಮಸೂದೆಯಲ್ಲಿ ಭದ್ರತೆಯ ಮಾತೇ ಸರಿಯಾಗಿಲ್ಲ ಅಂತ ಸಂಸತ್ತಿನವರು ತಾವೇ ಸೇರಿಸಿ 1979ರ ತೈವಾನ್ ಸಂಬಂಧಗಳ ಕಾಯ್ದೆ ಮಾಡಿದರು. ಕೆಳಮನೆಯಲ್ಲಿ 339-50, ಸೆನೆಟ್‌ನಲ್ಲಿ 85-4. ತೈವಾನ್ ಅಧ್ಯಕ್ಷರಾಗಿದ್ದ ಲೀ ತೆಂಗ್-ಹುಯಿ ಕತೆಯೂ ಹಾಗೇ. 1994ರಲ್ಲಿ ಅವರ ವಿಮಾನ ಇಂಧನಕ್ಕಾಗಿ ಹವಾಯಿಯಲ್ಲಿ ನಿಂತಾಗ, ರಾತ್ರಿ ಅಲ್ಲಿ ತಂಗುವ ಹಾಗಿಲ್ಲ ಅಂದರು ಕ್ಲಿಂಟನ್ ಸರ್ಕಾರದವರು. ಅವಮಾನವಾಗಿ ಲೀ ವಿಮಾನದಿಂದ ಇಳಿಯಲೇ ಇಲ್ಲ. ಮಾರನೇ ವರ್ಷ ಅವರು ಓದಿದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬರಲು ವೀಸಾ ಕೊಡಿ ಅಂತ ಕೆಳಮನೆ 396-0ರಲ್ಲಿ ಹೇಳಿತು, ಸೆನೆಟ್ 97-1ರಲ್ಲಿ ಹೇಳಿತು. ಕ್ಲಿಂಟನ್ ಬಗ್ಗಬೇಕಾಯಿತು.

ಶ್ವೇತಭವನದವರು ಏನೂ ಮಾಡಲಿಲ್ಲ ಅಂತಲ್ಲ. ತೈವಾನಿನ 1996ರ ಚುನಾವಣೆ ಹೊತ್ತಿಗೆ ಚೀನಾ ಕ್ಷಿಪಣಿ ಹಾರಿಸಿದಾಗ ವಿಮಾನವಾಹಕ ನೌಕೆಗಳ ಎರಡು ತಂಡ ಕಳಿಸಿದ್ದು ಇದೇ ಕ್ಲಿಂಟನ್. ಆದರೂ ನಾನು ತೈಪೆಯಲ್ಲಿದ್ದಿದ್ದರೆ ಅಮೆರಿಕದ ಅಧ್ಯಕ್ಷರು ಯಾವ ಪಕ್ಷ ಅಂತ ನೋಡುವುದಕ್ಕಿಂತ ಅಲ್ಲಿನ ಸಂಸದರ ಜೊತೆ ನಂಟು ಬೆಳೆಸುವುದಕ್ಕೇ ಸಮಯ ಹಾಕುತ್ತಿದ್ದೆ. ಅವರ ರಾಜತಾಂತ್ರಿಕರೂ ಬಹಳ ವರ್ಷದಿಂದ ಮಾಡುತ್ತಿರುವುದು ಅದನ್ನೇ.

ಹುಬ್ಬಳ್ಳಿಯಿಂದ: ಟ್ರಂಪ್ ಎರಡನೇ ಸಲ ಬಂದ ಮೇಲೂ ಅಲ್ಲಿ ಅವರಿಗೆ ಅಷ್ಟೇ ಅಭಿಮಾನ ಇದೆಯಾ? ನಾಳೆ ಯುದ್ಧ ಆದರೆ ಅಮೆರಿಕ ಬರುತ್ತದಾ?

ಅಭಿಮಾನ ಇಳಿದಿದೆ. ಗೆಲ್ಲುವ ಮೊದಲೇ, 2024ರ ಜುಲೈನಲ್ಲಿ, ನಾವು ಇನ್ಶೂರೆನ್ಸ್ ಕಂಪನಿ ಇದ್ದ ಹಾಗೆ, ತೈವಾನ್ ನಮಗೆ ದುಡ್ಡು ಕೊಡಬೇಕು, ನಮ್ಮ ಚಿಪ್ ವ್ಯಾಪಾರವನ್ನೆಲ್ಲ ಅವರೇ ಕಿತ್ತುಕೊಂಡರು ಅನ್ನುವ ಧಾಟಿಯಲ್ಲಿ ಟ್ರಂಪ್ ಮಾತಾಡಿದ್ದರು. 2025ರ ಫೆಬ್ರವರಿಯಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್ಸ್ಕಿ ಅವರನ್ನು ಕ್ಯಾಮೆರಾ ಮುಂದೆ ಗದರಿಸಿದ್ದನ್ನು ಕಂಡು ತೈಪೆಯಲ್ಲಿ ಎಷ್ಟೋ ಜನರಿಗೆ ಎದೆ ಧಸಕ್ ಅಂದಿತು. ಕೆಲವೇ ದಿನಕ್ಕೆ ಚಿಪ್ ಕಂಪನಿ ಟಿಎಸ್ಎಂಸಿ ಅಮೆರಿಕದಲ್ಲಿ ಇನ್ನೂ 10,000 ಕೋಟಿ ಡಾಲರ್ ಹಾಕುತ್ತೇವೆ ಅಂತ ಶ್ವೇತಭವನದಲ್ಲಿ ನಿಂತು ಘೋಷಿಸಿತು. ಆ ಕಂಪನಿಯನ್ನು ತೈವಾನಿನವರು ದೇಶ ಕಾಯುವ ದೇವರ ಬೆಟ್ಟ ಅನ್ನುತ್ತಾರೆ. ಬೆಟ್ಟವನ್ನೇ ಅಗೆದು ಕೊಡುತ್ತಿದ್ದೀರಾ ಅಂತ ವಿರೋಧ ಪಕ್ಷದವರು ಮುಗಿಬಿದ್ದರು. ಆಮೇಲೂ ಏಪ್ರಿಲ್‌ನಲ್ಲಿ ತೈವಾನಿನ ಸರಕಿಗೆ 32% ಸುಂಕ ಅಂದರು ಟ್ರಂಪ್, ಆಗಸ್ಟಿನಲ್ಲಿ ಅದು 20%ಕ್ಕೆ ಇಳಿಯಿತು. ಡಿಪಿಪಿಯವರಿಗೆ ಇದು ಫಜೀತಿ. ಬಹಿರಂಗವಾಗಿ ಟ್ರಂಪ್ ಅವರನ್ನು ಬೈಯುವ ಹಾಗಿಲ್ಲ, ಬೈಯದಿದ್ದರೆ ಮನೆಯಲ್ಲಿ ಮಾತು ಕೇಳಬೇಕು.

ಯುದ್ಧದ ಮಾತಿಗೆ ಬಂದರೆ, 1979ರ ಕಾಯ್ದೆಯಲ್ಲಿ ಸೈನ್ಯ ಕಳಿಸುತ್ತೇವೆ ಅಂತ ಎಲ್ಲೂ ಇಲ್ಲ. ಆಯುಧ ಕೊಡುತ್ತೇವೆ, ಬಲಪ್ರಯೋಗವಾದರೆ ತುಂಬಾ ಗಂಭೀರವಾಗಿ ನೋಡುತ್ತೇವೆ ಅಂತಷ್ಟೇ ಇದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ಪಕ್ಷಗಳೂ ನಲವತ್ತಕ್ಕೂ ಹೆಚ್ಚು ವರ್ಷದಿಂದ ಬಿಡದೆ ನಡೆಸಿಕೊಂಡು ಬಂದಿರುವ ನೀತಿ ಇದೇ. ತೈವಾನಿನವರಿಗೂ ಇದು ಗೊತ್ತು, ಅದಕ್ಕೇ ಹುಡುಗರಿಗೆ ನಾಲ್ಕು ತಿಂಗಳಿದ್ದ ಕಡ್ಡಾಯ ಸೇನಾ ಸೇವೆಯನ್ನು 2024ರ ಜನವರಿಯಿಂದ ಒಂದು ವರ್ಷಕ್ಕೆ ಏರಿಸಿದ್ದಾರೆ. ಹಾಗೆ ಮಾಡಿದ್ದು ಬೈಡನ್ ಅಧಿಕಾರದಲ್ಲಿದ್ದಾಗ, ರಕ್ಷಿಸುತ್ತೇವೆ ಅಂತ ಅವರು ನಾಲ್ಕು ಸಲ ಹೇಳಿದ ಮೇಲೆ.