ಶುಗರ್ ಹುಣ್ಣಿಗೆ ರುಥೇನಿಯಂ ಮತ್ತು ಬೆಳಕಿನ ಚಿಕಿತ್ಸೆ ಕಾರವಾರದಲ್ಲಿ ಸಿಗುತ್ತದೆಯೇ?

ಬೈತಖೋಲದಲ್ಲಿ ಬೋಟಿಗೆ ಹೋಗುವ ನಿಮ್ಮ ಅಣ್ಣನಿಗೆ ಶುಗರ್ ಇದೆ, ಪಾದದ ಹುಣ್ಣಿನ ಕಲ್ಚರ್ ರಿಪೋರ್ಟಿನಲ್ಲಿ ಎಂಆರ್‌ಎಸ್‌ಎ, ಅಂದರೆ ಹಲವು ಆಂಟಿಬಯಾಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾ, ಬಂದಿದೆ. ರುಥೇನಿಯಂ ಎಂಬ ಲೋಹದ ಸಂಯುಕ್ತ ಹಚ್ಚಿ ಬೆಳಕು ಬಿಡುವ ಚಿಕಿತ್ಸೆ ಇಲ್ಲಿ ಸಿಗುತ್ತದೆಯೇ, ಇಲ್ಲವಾದರೆ ಶಿರಸಿಯಿಂದ ತಾಮ್ರಭಸ್ಮ ತರಿಸಿ ಹಚ್ಚಿ ಬಿಸಿಲಿಗೆ ಕೂರಿಸಬಹುದೇ ಎಂದು ಕೇಳಿದ್ದೀರಿ. ಮೊದಲನೆಯದು ಸಿಗುವುದಿಲ್ಲ. ಎರಡನೆಯದು ದಯವಿಟ್ಟು ಬೇಡ.

ನಾನು ಡಾಕ್ಟರಲ್ಲ. ಧಾರವಾಡದಲ್ಲಿ ಓದುವಾಗ ಈ ಸಂಯುಕ್ತಗಳ ಮೇಲೆ ಕೆಲಸ ಮಾಡಿದ್ದೆ, ಈಗ ಕಾರವಾರದಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ.

ಇಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಆಮ್ಲಜನಕ. ಲೋಹದ್ದು ಬರೀ ದಲ್ಲಾಳಿ ಕೆಲಸ. ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ರುಥೇನಿಯಂ, ಇರಿಡಿಯಂನಂಥ ಭಾರದ ಪರಮಾಣು ಇದ್ದರೆ ಅಣು ಸುಲಭವಾಗಿ ಟ್ರಿಪ್ಲೆಟ್ ಎಂಬ, ಶಕ್ತಿ ತುಂಬಿಕೊಂಡ ಸ್ಥಿತಿಗೆ ಹೋಗಿ, ದಾಟಿಸಲು ಸಾಕಾಗುವಷ್ಟು ಹೊತ್ತು ಅಲ್ಲೇ ಉಳಿಯುತ್ತದೆ. ಹೀಗೆ ಶಕ್ತಿ ಪಡೆದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎನ್ನುತ್ತಾರೆ, ಅದರ ಆಯಸ್ಸು ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಅಷ್ಟರೊಳಗೆ ಪೊರೆ, ಪ್ರೋಟೀನು, ಡಿಎನ್‌ಎ, ಹತ್ತಿರ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಏಟು ಒಂದೇ ಜಾಗಕ್ಕೆ ಬೀಳದ ಕಾರಣ ಆಂಟಿಬಯಾಟಿಕ್ಕಿಗೆ ಬಗ್ಗದ ಎಂಆರ್‌ಎಸ್‌ಎ ಕೂಡ ಸಾಯುತ್ತದೆ. ಹೊರಗೊಂದು ಪೊರೆ ಹೆಚ್ಚಿಗೆ ಇರುವ ಗ್ರಾಂ-ನೆಗೆಟಿವ್ ಜಾತಿ ಮಾತ್ರ ಸ್ವಲ್ಪ ಹಟಮಾರಿ.

ಲ್ಯಾಬಿನಲ್ಲಿ ಆ ಕೇಸರಿ ದ್ರಾವಣದ ಸೀಸೆಗೆ ಫಾಯಿಲ್ ಸುತ್ತಿಯೇ ಇಡುತ್ತಿದ್ದೆವು. ದ್ರಾವಣ ಹಾಕಿದ ಬ್ಯಾಕ್ಟೀರಿಯಾದ ಒಂದು ಪ್ಲೇಟು ನೀಲಿ ಎಲ್‌ಇಡಿ ಕೆಳಗೆ, ಜೊತೆಯದು ಕಪ್ಪು ಕಾಗದದೊಳಗೆ. ಮರುದಿನ ಕತ್ತಲಲ್ಲಿದ್ದದ್ದರ ತುಂಬ ಕಾಲೊನಿಗಳು, ಬೆಳಕು ಕಂಡದ್ದು ಬೋಳು. ನೋಡಲಿಕ್ಕೆ ಬಲು ಚೆಂದ! ಆದರೆ ನೀಲಿ ಬೆಳಕು ಮಾಂಸದೊಳಗೆ ಒಂದು ಮಿಲಿಮೀಟರ್ ಇಳಿಯುವುದೂ ಕಷ್ಟ, ಕೆಂಪು ಬೆಳಕು ಕೆಲವೇ ಮಿಲಿಮೀಟರ್. ಅದರ ಮೇಲೆ ಶುಗರಿನವರ ಪಾದಕ್ಕೆ ರಕ್ತವೇ ಸರಿಯಾಗಿ ಬರದಿದ್ದರೆ ಆಮ್ಲಜನಕ ಎಲ್ಲಿಂದ ಬರಬೇಕು?

ಪಲ್ಲಾಡಿಯಂ ಲೋಹ ಇರುವ, ಹೀಗೇ ಬೆಳಕಿನಿಂದ ಕೆಲಸ ಮಾಡುವ ಪಾಡೆಲಿಪೋರ್ಫಿನ್ ಎಂಬ ಔಷಧಿಗೆ ಯುರೋಪಿನಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಪ್ರಾಸ್ಟೇಟ್ ಕ್ಯಾನ್ಸರಿಗೆ. ರುಥೇನಿಯಂನ ಟಿಎಲ್‌ಡಿ-1433 ಮನುಷ್ಯರ ಮೇಲಿನ ಪರೀಕ್ಷೆಗೆ ಬಂದದ್ದು ಮೂತ್ರಕೋಶದ ಕ್ಯಾನ್ಸರಿಗೆ. ಸೋಂಕಿಗೆ ಈಗ ಬಳಕೆಯಲ್ಲಿರುವುದು, ವಸಡು ಮೂಗುಗಳಂಥ ಕಡೆ, ಹೆಚ್ಚಾಗಿ ಲೋಹವೇ ಇಲ್ಲದ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ.

ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುವ ಈ ಗುಣ ತಾಮ್ರಭಸ್ಮಕ್ಕೆ ಬರುವುದಿಲ್ಲ. ಸ್ಪರ್ಶ ಸತ್ತ ಪಾದ ಬಿಸಿಲಿಗೆ ಸುಟ್ಟರೂ ಅಣ್ಣನಿಗೆ ಗೊತ್ತಾಗುವುದಿಲ್ಲ.

ರಿಪೋರ್ಟಿನಲ್ಲಿ ಯಾವ ಔಷಧಿಗಳ ಎದುರು ಸೆನ್ಸಿಟಿವ್ ಎಂದಿದೆ ನೋಡಿ, ಅದನ್ನು ಹಿಡಿದು ಈ ವಾರವೇ ಸರ್ಜನ್ನರ ಹತ್ತಿರ ಕರೆದುಕೊಂಡು ಹೋಗಿ. ವ್ಯಾಂಕೊಮೈಸಿನ್, ಲಿನೆಜೋಲಿಡ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತವೆ. ಗಾಯ ಮಾಯುವ ತನಕ ಬೋಟಿಗೆ ಬೇಡ. ಉಪ್ಪುನೀರಿನ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಕಾಲಿಗೇ ಸಂಚಕಾರ.