ನೋವು ಕಡಿಮೆ ಇದ್ದ ಶನಿವಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

'ಕ' ಅವರಿಗೆ ನಲವತ್ತರ ಆಸುಪಾಸು. ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗಿ ಬಾವು, ನೋವು ತರುವ ಕಾಯಿಲೆ) ಶುರುವಾಗಿ ಆರು ವರ್ಷ. ಮನೆಯಲ್ಲಿ ಗಂಡ, ಹೈಸ್ಕೂಲಿಗೆ ಹೋಗುವ ಮಗಳು. "ಡಿಪ್ರೆಷನ್ನು ಗಿಪ್ರೆಷನ್ನು ಏನಿಲ್ಲ ಮೇಡಂ, ಸೋಮಾರಿ ಆಗ್ಬಿಟ್ಟಿದೀನಿ ಅಷ್ಟೆ" ಎಂದೇ ಆಪ್ತಸಮಾಲೋಚನೆಗೆ ಬಂದವರು ಮಾತು ಶುರುಮಾಡಿದರು. ಬೆಳಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲು ಒಂದು ಗಂಟೆ ಹಿಡಿಯುವವರ ಮಾತಿದು.

ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯಲ್ಲಿ 27ಕ್ಕೆ 13 ಬಂತು. 10 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇದೆಯೇ ಎಂದು ವಿಚಾರಿಸಲೇಬೇಕು. ಆದರೆ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಮೊತ್ತವೊಂದನ್ನೇ ನಂಬಿದರೆ ಎಡವುತ್ತೇವೆ. ಇವರ 13ರಲ್ಲಿ 8 ಅಂಕ ನಿದ್ದೆ, ದಣಿವು, ಹಸಿವೆಯ ಪ್ರಶ್ನೆಗಳದ್ದು. ಕೀಲಿನ ಉರಿಯೂತವೇ ಈ ಮೂರನ್ನೂ ಕೆಡಿಸಬಲ್ಲದು. ಬೇಸರಕ್ಕೆ 1, ಆಸಕ್ತಿ ಇಲ್ಲದಿರುವುದಕ್ಕೆ 1. 'ನಾನು ಮನೆಯವರಿಗೆ ಭಾರ' ಎಂಬ ಅಪರಾಧಿ ಭಾವಕ್ಕೆ ಮಾತ್ರ ಪೂರ್ತಿ 3. ಎಳೆ ಸಿಕ್ಕಿದ್ದು ಅಲ್ಲೇ. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳಲಾಯಿತು, ಇಲ್ಲ ಎಂದರು.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಿತ್ತು. ಬಾವು ಹೆಚ್ಚಾದಾಗ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಅವರು ರಾತ್ರಿ ನುಂಗುತ್ತಿದ್ದರು. ಸ್ಟೀರಾಯ್ಡ್ ನಿದ್ದೆಯನ್ನೂ ಮನಸ್ಸಿನ ಸ್ಥಿತಿಯನ್ನೂ ಕದಡುವುದುಂಟು. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ತಾವಾಗಿಯೇ ನಿಲ್ಲಿಸಬೇಡಿ ಎಂದೆವು. ವೈದ್ಯರು ಬೆಳಗಿಗೆ ಬದಲಿಸಿದರು.

ಮೊದಲ ಎರಡು ವಾರ ಬರೆಯುವುದಷ್ಟೇ ಕೆಲಸ: ಹೊತ್ತು, ಏನು ಮಾಡಿದೆ, ನೋವು 0ರಿಂದ 10ರೊಳಗೆ ಎಷ್ಟು, ಆಗ ಮನಸ್ಸು ಏನೆಂದಿತು. ಒಂದು ಶನಿವಾರದ ಸಾಲು ಹೀಗಿತ್ತು: ನೋವು 2. ಬೀರು ಪೂರ್ತಿ ಖಾಲಿ ಮಾಡಿ ಜೋಡಿಸಿದೆ, ಮೂರೂವರೆ ಗಂಟೆ. 'ಇವತ್ತಾದರೂ ಬಾಕಿ ತೀರಿಸಬೇಕು.' ಭಾನುವಾರ ನೋವು 7, ಸೋಮವಾರ 7. 'ನನ್ನ ಕೈಲಿ ಏನೂ ಆಗಲ್ಲ.'

'ಬಾಕಿ' ಅನ್ನುವ ಪದ ನೋಡಿ. ಹಾಸಿಗೆ ಹಿಡಿದ ದಿನಗಳೆಲ್ಲ ಅವರ ಲೆಕ್ಕದಲ್ಲಿ ಸಾಲ. ನೋವು ಇಳಿದ ದಿನ ಅದನ್ನು ಬಡ್ಡಿಸಮೇತ ತೀರಿಸಲು ಹೋಗಿ ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. ನೋವಿನ ದಿನಕ್ಕೆ ಸಮಾಧಾನ ಹೇಳಲು ಹತ್ತು ಜನ ಇರುತ್ತಾರೆ. ಆದರೆ ಕಡಿವಾಣ ಬೇಕಿದ್ದದ್ದು ಒಳ್ಳೆಯ ದಿನಕ್ಕೆ.

ಹಾಗಾಗಿ ಕೆಲಸಕ್ಕೆ ಅಳತೆ ಹಾಕಿದೆವು. ನಿಂತು ಕೆಲಸ ಮಾಡುವಾಗ ನೋವು ಏರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೂರು ಬೇರೆ ಬೇರೆ ದಿನ ನೋಡಿದರು: 35, 25, 15 ನಿಮಿಷ. ಸರಾಸರಿ 25. ಅದರಲ್ಲಿ ಐದನೇ ಒಂದು ಭಾಗ ಕಳೆದರೆ 20. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕೂರುವುದು. ನೋವು ಇಲ್ಲದಿದ್ದರೂ ಟೈಮರ್ ಗಂಟೆ ಬಾರಿಸಿದ ಕೂಡಲೇ ನಿಲ್ಲಿಸಬೇಕು. ಎರಡು ವಾರ ಏರುಪೇರಿಲ್ಲದೆ ನಡೆದರೆ 2 ನಿಮಿಷ ಸೇರಿಸಬಹುದು, ಅದಕ್ಕಿಂತ ಹೆಚ್ಚಲ್ಲ.

ನಾಲ್ಕನೇ ದಿನವೇ ತಪ್ಪಿತು. 'ಬೀರುವಿನ ಒಂದೇ ಅರೆ ಉಳಿದಿತ್ತು' ಎಂದು ಟೈಮರ್ ಆರಿಸಿ ಮುಂದುವರಿದಿದ್ದರು. ಎಲ್ಲರೂ ಎಡವುವುದು ಇಲ್ಲೇ, ಬೈಯುವಂಥದ್ದೇನಲ್ಲ. ಟೈಮರನ್ನು ಕೋಣೆಯ ಆಚೆ ತುದಿಯಲ್ಲಿಟ್ಟರೆ ಆರಿಸಲು ಕೆಲಸ ಬಿಟ್ಟು ನಡೆಯಲೇಬೇಕು. ಜೊತೆಗೆ, ಶುರುಮಾಡುವ ಮುಂಚೆಯೇ 'ಇವತ್ತು ಒಂದು ಅರೆ' ಎಂದು ಗಡಿ ಹಾಕಿಕೊಳ್ಳುವುದು. 'ಇವತ್ತು ಬೀರು' ಎಂದರೆ ನಿಲ್ಲಲು ಜಾಗವೇ ಇರುವುದಿಲ್ಲ.

ಧನಾತ್ಮಕವಾಗಿ ಯೋಚಿಸಿ ಎಂಬ ಉಪದೇಶ ಅವರಿಗೆ ಬೇಕಾದಷ್ಟು ಸಿಕ್ಕಿತ್ತು. 'ಎಲ್ಲಾ ಸರಿಹೋಗುತ್ತೆ' ಎಂಬುದನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂದರೆ, 10 ಎಂದರು. 'ಇವತ್ತು ಬೆರಳು ಊದಿದೆ, ಅದಕ್ಕೇ ಅರ್ಧ ಕೆಲಸ' ಎಂಬುದಕ್ಕೆ 80. ನಂಬಲಾಗದ ಸಾಂತ್ವನ ಇನ್ನಷ್ಟು ಒಂಟಿಯಾಗಿಸುತ್ತದೆ. ಎರಡನೆಯ ಸಾಲನ್ನೇ 'ಸೋಮಾರಿ' ಎಂಬ ಪದದ ಜಾಗದಲ್ಲಿ ಇಟ್ಟುಕೊಂಡರು.

ಮೂರನೇ ಭೇಟಿಗೆ ಗಂಡನೂ ಬಂದರು. ದಿನಾ ಅವರು "ಹೇಗಿದೀಯ?" ಎನ್ನುವುದು, ಇವರು "ಪರವಾಗಿಲ್ಲ" ಎನ್ನುವುದು, ಆಮೇಲೆ ಸಹಾಯಕ್ಕೆ ಬರಲಿಲ್ಲವೆಂದು ಒಳಗೊಳಗೇ ಕುದಿಯುವುದು. "ನೀನು ಹೇಳದೆ ನಂಗೆ ಹೇಗೆ ಗೊತ್ತಾಗಬೇಕು?" ಎಂದರು ಅವರು, ನ್ಯಾಯವಾಗಿಯೇ. ಇನ್ನು ಮೇಲೆ ಉತ್ತರ ಅಂಕಿಯಲ್ಲಿ, ಅಂಕಿಯ ಹಿಂದೆಯೇ ಕೆಲಸ: "ಇವತ್ತು 6, ಬಿಗಿ ಮುಚ್ಚಳ, ಭಾರ ಎತ್ತೋದು ನಿಮ್ದು." ಮೊದಲ ವಾರ ನಾಚಿಕೆಯಾಯಿತಂತೆ.

ಬಾವು ಮರುಕಳಿಸಿದ ದಿನಕ್ಕೆಂದು, ಚೆನ್ನಾಗಿದ್ದಾಗಲೇ ಒಂದು ಹಾಳೆ ಬರೆಸಲಾಯಿತು: ಯಾವ ಕೆಲಸ ಕೈಬಿಡುವುದು, ಯಾರಿಗೆ ಫೋನು, ವೈದ್ಯರಿಗೆ ಯಾವಾಗ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ 'ಜ್ವರ ಬಂದರೆ ಕಾಯಬಾರದು' ಎಂಬುದು ಮೊದಲ ಸಾಲು.

ಆರನೇ ಭೇಟಿಯಲ್ಲಿ ಪ್ರಶ್ನಾವಳಿಯ ಅಂಕ 7, ಅಪರಾಧಿ ಭಾವದ ಪ್ರಶ್ನೆಗೆ 1. ನೋವಿನ ಸರಾಸರಿ ಹೆಚ್ಚೇನೂ ಇಳಿದಿರಲಿಲ್ಲ. ನೋವು 7 ಮುಟ್ಟಿದ ದಿನಗಳು ಮಾತ್ರ ಎರಡು ವಾರಕ್ಕೆ ಐದರಿಂದ ಎರಡಕ್ಕೆ ಬಂದಿದ್ದವು. ಟೈಮರ್ 24 ನಿಮಿಷದಲ್ಲಿದೆ. ಮುಂದಿನ ಭೇಟಿ ಆರು ವಾರಕ್ಕೆ. ಒಂಬತ್ತನೇ ಪ್ರಶ್ನೆಯ ಉತ್ತರ ಬದಲಾದರೆ ಅದೇ ದಿನ ಫೋನ್ ಮಾಡುವುದೆಂದು ಗಂಡನ ಎದುರೇ ಒಪ್ಪಂದವಾಗಿದೆ.