ಐದನೇ ಲೋಟದ ಟಿಪ್ಪಣಿ

ಬಿಯರ್ ಪರೀಕ್ಷೆಗೆ ಓದುತ್ತಿರುವವರು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

31ರ ಯುವಕ. ಇಂದಿರಾನಗರದ ಕಡೆ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ, ರಾಜಾಜಿನಗರದಲ್ಲಿ ತಾಯಿಯ ಜೊತೆ ವಾಸ. ಕಟ್ಟಬೇಕೆಂದಿದ್ದದ್ದು ಅಡ್ವಾನ್ಸ್ಡ್ ಸಿಸೆರೋನ್. ಬಿಯರ್ ಬಲ್ಲವರೆಂದು ಅರ್ಹತಾಪತ್ರ ಕೊಡುವ ಅಮೆರಿಕದ ಈ ಸಿಸೆರೋನ್ ಪರೀಕ್ಷೆಗೆ ನಾಲ್ಕು ಮೆಟ್ಟಿಲು. ಮೊದಲನೆಯದು ಅರ್ಧ ಗಂಟೆಯಲ್ಲಿ 60 ಪ್ರಶ್ನೆ, 75 ಪರ್ಸೆಂಟ್ ಬಂದರೆ ಪಾಸು. ಮೂರನೆಯದಾದ ಇದರಲ್ಲಿ ಪುಟಗಟ್ಟಲೆ ಬರೆಯಬೇಕು, ಎದುರಿಗೆ ಕೂತು ಉತ್ತರ ಹೇಳಬೇಕು, ರುಚಿ ನೋಡಿ ದೋಷ ಹಿಡಿಯಬೇಕು. ತಾಯಿಗೆ "ಹೋಟೆಲ್ ಲೈನಿನ ಪರೀಕ್ಷೆ" ಅಂತ ಹೇಳಿಟ್ಟಿದ್ದರು. ಡ್ಯೂಟಿ ಮುಗಿಸಿ ಬಂದು ರೂಮಿನ ಬಾಗಿಲು ಹಾಕಿಕೊಂಡು ಅಭ್ಯಾಸ. ನಿದ್ದೆ ಬರುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಬಂದಿದ್ದರು. ಕುಡಿತದ ಮಾತೇ ಎತ್ತಲಿಲ್ಲ.

ಎರಡನೇ ಭೇಟಿಯಲ್ಲಿ ನಾನೇ ಎತ್ತಿದೆ. "ಮೇಡಂ, ನಾನು ಓದೋವಾಗ ಮಾತ್ರ ಕುಡಿಯೋದು" ಅಂದರು. ದಿನಾ ಓದುತ್ತೀರಾ ಎಂದದ್ದಕ್ಕೆ ಹೂಂ ಅಂದರು, ಸ್ವಲ್ಪ ಹೆಮ್ಮೆಯಿಂದಲೇ. ಮುಂದಿನ ವಾರ ರುಚಿ ಬರೆದಿಡುವ ನೋಟ್‌ಬುಕ್ ತನ್ನಿ ಎಂದೆ.

ತಂದರು. ನೀಲಿ ರಟ್ಟಿನ, ಉದ್ದನೆಯ ಪುಸ್ತಕ. ಒಂದು ಪುಟವನ್ನು ಅವರ ಕೈಯಲ್ಲೇ ಗಟ್ಟಿಯಾಗಿ ಓದಿಸಿದೆ. ಮೊದಲ ಲೋಟಕ್ಕೆ ಆರು ಸಾಲು: ಒದ್ದೆ ರಟ್ಟಿನ ವಾಸನೆ, ಹಿಂದೆ ಜೇನು, ಕಹಿ ಇಳಿದಿದೆ, ಸ್ಟಾಕ್ ಹಳೆಯದು, ಆಕ್ಸಿಜನ್ ತಾಗಿದೆ. ಎರಡನೆಯದಕ್ಕೆ ನಾಲ್ಕು ಸಾಲು: ಬೆಣ್ಣೆ, ಅಂದರೆ ಡಯಾಸೆಟೈಲ್, ಯೀಸ್ಟ್ ಅದನ್ನು ವಾಪಸ್ ಹೀರಿಕೊಳ್ಳುವ ಮೊದಲೇ ತಣ್ಣಗೆ ಮಾಡಿರಬೇಕು, ಇಲ್ಲವೇ ಪೈಪ್ ತೊಳೆದಿಲ್ಲ. ನನಗೇ ಕಿವಿ ನಿಮಿರಿತು, ಅಷ್ಟು ಚೆನ್ನಾಗಿತ್ತು. ಮೂರನೆಯದಕ್ಕೆ ಎರಡು ಸಾಲು. ನಾಲ್ಕನೆಯದಕ್ಕೆ "ಲವಂಗ?". ಐದನೆಯದರ ಮುಂದೆ ಅಕ್ಷರ ಗೆರೆ ಬಿಟ್ಟು ಇಳಿಜಾರಾಗಿ "ಚೆನ್ನಾಗಿದೆ" ಅಂತಿತ್ತು. ಆ ಒಂದು ಪದ ಓದುವಾಗ ಅವರ ದನಿ ತಗ್ಗಿತು.

"ಐದನೇದರಿಂದ ಏನು ಕಲಿತ್ರಿ?" ಎಂದೆ.

ಪುಟ ತಿರುವಿದರು. ಮುಂದಿನ ದಿನವೂ ಹಾಗೇ, ಅದರ ಮುಂದಿನದೂ ಹಾಗೇ. ಪುಸ್ತಕ ಮುಚ್ಚಿ ತುಂಬಾ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಸುಳ್ಳು ಹೇಳಿದ್ದಕ್ಕಿಂತ ಇದು ಜಾಸ್ತಿ ನಾಚಿಕೆ ಆಗ್ತಿದೆ ಮೇಡಂ" ಅಂದರು.

ಕುಡಿತ ಎಷ್ಟು ಅಪಾಯಕ್ಕೆ ಹೋಗಿದೆ ಎಂದು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿಯಲ್ಲಿ 8 ಬಂದರೇ ಎಚ್ಚರಿಕೆ, ಇವರದು 12. ಬೆಳಗ್ಗೆ ಕೈ ನಡುಗುವುದು, ಬೆವರುವುದು ಇರಲಿಲ್ಲ. ಇದ್ದಿದ್ದರೆ ಮೊದಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೇ ಕಳಿಸುತ್ತಿದ್ದೆ. ಅಂಥವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಾನು ಹೇಳಿದ್ದು ಇಷ್ಟು. ರಾತ್ರಿಯ ಅಭ್ಯಾಸ ಬಂದ್. ರಜೆಯ ದಿನ ಬೆಳಗ್ಗೆ ಹನ್ನೊಂದಕ್ಕೆ, ವಾರಕ್ಕೆ ಎರಡೇ ಸಲ, ತೆರೆದ ಬಾಗಿಲಲ್ಲಿ, ಮೂರು ಲೋಟ, ಒಂದೊಂದರಲ್ಲೂ ಎರಡು ಗುಟುಕಿನಷ್ಟು. ಉಳಿದದ್ದು ಅಲ್ಲೇ ಸಿಂಕಿಗೆ. ಕಹಿ ತಿಳಿಯಲು ನುಂಗಲೇಬೇಕು ಎಂದು ವಾದಿಸಿದರು. ಒಂದು ಗುಟುಕು ನುಂಗಿ, ಮಿಕ್ಕದ್ದು ಉಗುಳಿ ಎಂದೆ. ಬರಹದ ಭಾಗಕ್ಕೆ ಓದುವಾಗ ಲೋಟ ಮೇಜಿನ ಮೇಲೇ ಇರಕೂಡದು. ದೋಷಗಳ ವಾಸನೆಗೆ ಅಡುಗೆಮನೆ ಸಾಕು: ಬೆಣ್ಣೆ, ಬೇಯಿಸಿದ ಜೋಳದ ತೆನೆ, ಹಸಿರು ಸೇಬು, ನೆನೆದ ರಟ್ಟು. ಜರ್ಮನ್ ಗೋಧಿ ಬಿಯರಿನ ಲವಂಗ, ಬಾಳೆಹಣ್ಣಿನ ಪರಿಮಳಕ್ಕೂ ಬೇರೆಲ್ಲೂ ಹೋಗಬೇಕಿಲ್ಲ. ಕೊನೆಯದಾಗಿ, ಎಂಥ ಪರೀಕ್ಷೆ ಎಂದು ತಾಯಿಗೆ ಹೇಳಬೇಕು.

ಪರೀಕ್ಷೆಯನ್ನೇ ಬಿಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಮದ್ಯ ಎಷ್ಟೇ ಕಡಿಮೆಯಾದರೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ನನಗೂ ಗೊತ್ತು, ಇವರಿಗೂ ಓದಿ ಹೇಳಿದೆ. ಮೂರು ಲೋಟಕ್ಕೆ ನಿಲ್ಲಿಸಲಾಗದಿದ್ದರೆ ಪರೀಕ್ಷೆ ಬಿಡಬೇಕು ಎಂಬ ಕರಾರೂ ಮಾಡಿಸಿದೆ. ಆದರೆ ಹೊಟ್ಟೆಪಾಡಿನ ವಿದ್ಯೆಯನ್ನು ಪಾಪ ಎಂದುಬಿಟ್ಟರೆ ಅವರು ನನ್ನಿಂದಲೂ ಬಚ್ಚಿಟ್ಟುಕೊಂಡು ಓದುತ್ತಾರೆ. ನಾನು ಕಂಡ ನಾಲ್ವರಲ್ಲೂ ಮುಚ್ಚಿದ ಬಾಗಿಲ ಹಿಂದೆಯೇ ಅಭ್ಯಾಸ ಹೋಗಿ ಕುಡಿತವಾಗಿತ್ತು. ಮನೆಯವರಿಗೂ ಇದನ್ನೇ ಹೇಳುತ್ತೇನೆ: ಬೈಯುವ ಮೊದಲು ನೋಟ್‌ಬುಕ್ ತೋರಿಸು ಅನ್ನಿ.

ತಾಯಿ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ, ಬಾಗಿಲು ಹಾಕಿಕೋಬೇಡ ಅಂದರಂತೆ. ಇಷ್ಟವಂತೂ ಆಗಿಲ್ಲ ಅವರಿಗೆ. ಪರೀಕ್ಷೆಗೆ ಇನ್ನೂ ಹೆಸರು ಕೊಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಪುಸ್ತಕ ತರುತ್ತಾರೆ. ಮೊನ್ನೆಯ ಪುಟದಲ್ಲಿ ಮೂರು ಲೋಟಕ್ಕೂ ಆರಾರು ಸಾಲಿತ್ತು, ಅಕ್ಷರ ಗೆರೆಯ ಮೇಲೇ ಇತ್ತು.